ನಾಲ್ಕನೇ ಪ್ರೆಸ್ಸಿನ ಅರವತ್ತು ಕೀಲುಗಳು

ತಪಾಸಣೆಯ ಹೆಂಗಸು ರಿಜಿಸ್ಟರನ್ನು ಮೇಜಿನ ಮೇಲೆ ಕುಕ್ಕಿದಳು. "ತಗೊಂಡು ಹೋಗಿ, ಏನು ಬೇಕೋ ಕೂಡಿ ಕಳೀರಿ. ನನ್ನ ಹತ್ರ ಮಾತಿಗೆ ಮಾತ್ರ ಬರಬೇಡಿ."

ಕೇಂದ್ರ ಕಚೇರಿಯಿಂದ ಬಂದಿದ್ದ ಸಂಖ್ಯಾಶಾಸ್ತ್ರಜ್ಞೆ ತುಟಿ ಬಿಗಿಹಿಡಿದು ಅದನ್ನೆತ್ತಿಕೊಂಡಳು. ಬಾಗಿಲ ಕೀಲು ತಯಾರಿಸುವ ಆ ಕಾರ್ಖಾನೆಗೆ ಬಂದು ನಾಲ್ಕು ದಿನವಾಗಿತ್ತು. ಅಷ್ಟರಲ್ಲಾಗಲೇ ಬೆನ್ನ ಹಿಂದೆ ‘ಲೆಕ್ಕದಮ್ಮ’ ಎಂಬ ಹೆಸರು ಬಿದ್ದಿತ್ತು. ಅದಕ್ಕೆ ಬೇಸರವಿರಲಿಲ್ಲ. ಆದರೆ ಈ ಹೆಂಗಸಿನ ಸೊಕ್ಕು ಮೊದಲ ದಿನದಿಂದಲೂ ಅವಳ ಮೈ ಉರಿಸುತ್ತಿತ್ತು.

ಅವಳನ್ನು ಕರೆಸಿದ್ದು ಒಂದು ದೂರು. ಅದನ್ನು ಕೊಟ್ಟವನು ನಾಲ್ಕನೇ ಪ್ರೆಸ್ಸಿನ ಕೆಲಸಗಾರ. ತಪಾಸಣೆಯವಳು ಅವನ ಹೆಂಡತಿ. ಇಬ್ಬರೂ ಬೇರೆ ಬೇರೆ ಮನೆ ಮಾಡಿ ಎರಡು ವರ್ಷವಾಗಿತ್ತು. ಪ್ರತಿ ಕೀಲಿನ ಮೇಲೂ ಪ್ರೆಸ್ಸಿನ ನಂಬರು ಒತ್ತಿರುತ್ತದೆ. ನಾಲ್ಕು ಎಂಬ ಅಂಕಿ ಕಂಡರೆ ಸಾಕು, ಚೆನ್ನಾಗಿರುವ ಮಾಲನ್ನೂ ಅವಳು ರಿಜೆಕ್ಟಿನ ಬುಟ್ಟಿಗೆ ಎಸೆಯುತ್ತಾಳೆ ಎಂಬುದು ಅವನ ಆರೋಪ.

ಮ್ಯಾನೇಜರಿಗೆ ತಲೆ ಚಿಟ್ಟು ಹಿಡಿದಿತ್ತು. ಗಂಡ ಹೆಂಡಿರ ಜಗಳ ತನ್ನ ಶೆಡ್ಡಿಗೆ ಬಂದು ಕೂತಿದೆ ಎಂದು ಗೊಣಗುತ್ತಲೇ ನಿಯಮ ವಿವರಿಸಿದ್ದ. ಸತತ ಮೂರು ತಿಂಗಳು ನೂರಕ್ಕೆ ಹತ್ತಕ್ಕಿಂತ ಹೆಚ್ಚು ರಿಜೆಕ್ಟಾದರೆ ಪ್ರೆಸ್ಸಿನಿಂದ ಎಬ್ಬಿಸಿ ಪ್ಯಾಕಿಂಗಿಗೆ ಹಾಕುತ್ತಾರೆ. ನೌಕರಿಗೇನೂ ಕುತ್ತಿಲ್ಲ. ಕಾರ್ಖಾನೆ ಅಷ್ಟೇನೂ ಕಟುಕರ ಮನೆಯಲ್ಲ ಎಂದು ಅವನೇ ಸೇರಿಸಿದ. ಗೇಟಿನ ಹೊರಗೆ ಕಳಿಸುವುದು ಮೋಸ ಮಾಡಿದವರನ್ನು, ಇಲ್ಲವೇ ವೈದ್ಯರು ಅನರ್ಹ ಅಂದವರನ್ನು ಮಾತ್ರ. ಹೋದ ವರ್ಷ ಕಿವಿ ಹೋದ ಸಾಣೆಯವನನ್ನು ಅದೇ ಸಂಜೆ ಕಳಿಸಿದ್ದರು. ನಾಲ್ಕನೇ ಪ್ರೆಸ್ಸಿನವನಿಗೆ ಎರಡು ತಿಂಗಳು ಆಗಿಹೋಗಿತ್ತು. ಮೂರನೆಯದು ನಡೆಯುತ್ತಿತ್ತು.

ಲೆಕ್ಕದಮ್ಮ ಅವನ ಬಳಿ ಹೋದಾಗ ಅವನೂ ಮೊದಲು ಬಿಗುಮಾನ ತೋರಿದ. ಎರಡಡಿ ದೂರದಲ್ಲಿ ನಿಂತರೂ ಇವಳತ್ತ ತಿರುಗಲಿಲ್ಲ. ಎರಡೂ ಕೈ ಯಂತ್ರದ ಬಾಯೊಳಗೆ ಹೋಗಿ ತಗಡು ಕೂರಿಸಿ ಹೊರಬರುತ್ತಿದ್ದವು. ಹಿಂದೆಯೇ ಪ್ರೆಸ್ ಧಡ್ ಎಂದು ಇಳಿಯುತ್ತಿತ್ತು. ಇವಳು ಮಾತಾಡಿಸಿದ ಕೂಡಲೇ ಮನುಷ್ಯ ಬೇರೆಯೇ ಆದ. ನಕ್ಕ. ಎದ್ದು ಸ್ಟೂಲು ಕೊಟ್ಟ.

ಇಪ್ಪತ್ತೆರಡು ವರ್ಷದ ಕೆಲಸ ಎಂದ. ಬಿದ್ದ ಕೀಲಿನ ಅಂಚನ್ನು ಹೆಬ್ಬೆರಳಿನಿಂದ ಸವರಿ, ಒಂದನ್ನು ಪಕ್ಕಕ್ಕಿಟ್ಟ. ಅದು ಕೂದಲೆಳೆಯಷ್ಟು ಸೊಟ್ಟಗಿತ್ತು. ಪ್ಯಾಕಿಂಗಿಗೆ ಹೋಗಿ ಡಬ್ಬಕ್ಕೆ ಅಂಟು ಹಚ್ಚುವುದಕ್ಕಿಂತ ಸಾಯುವುದು ಮೇಲು ಎಂದ. ಹೆಂಡತಿ ಯಾಕೆ ಬಿಟ್ಟುಹೋದಳೆಂದು ಕೇಳಿದ್ದಕ್ಕೆ ಮುಖ ಗಂಟಿಕ್ಕಿದ.

"ನಿನ್ನ ಹಟ ನೋಡ್ಕೊಂಡು ಕೂರೋಕೆ ನನ್ನ ಕೈಲಾಗಲ್ಲ ಅಂದ್ಲು. ಹೋದ್ಲು."

ಉಳಿದದ್ದು ಅಂಕಿಗಳ ಕೆಲಸ. ಕಳೆದ ತಿಂಗಳು ಪ್ರತಿ ಪ್ರೆಸ್ಸಿನಿಂದ ನಾನೂರು ಕೀಲು ತಪಾಸಣೆಗೆ ಬಂದಿದ್ದವು. ಮೊದಲ ಮೂರು ಪ್ರೆಸ್ಸಿನಲ್ಲಿ ರಿಜೆಕ್ಟ್ ಹದಿನೆಂಟು, ಇಪ್ಪತ್ತೆರಡು, ಇಪ್ಪತ್ತು. ನಾಲ್ಕನೆಯದರಲ್ಲಿ ಅರವತ್ತು. ಯಾರ ಮಾಲು ಎಂಬುದಕ್ಕೂ ರಿಜೆಕ್ಟಿಗೂ ಸಂಬಂಧವಿಲ್ಲದಿದ್ದರೆ ಒಬ್ಬೊಬ್ಬರಿಗೆ ಸುಮಾರು ಮೂವತ್ತು ಬರಬೇಕಿತ್ತು. ಬರಬೇಕಾದ್ದಕ್ಕೂ ಬಂದದ್ದಕ್ಕೂ ಇರುವ ಅಂತರ ಬರಿಯ ಆಕಸ್ಮಿಕವೇ ಎಂದು ಕೇಳುವುದೇ ಕೈ-ವರ್ಗ ಪರೀಕ್ಷೆ. ಆ ಹೆಸರು ಕೇಳಿ, ಕೈಕೆಲಸದವರಿಗೂ ಒಂದು ವರ್ಗ ಕೊಟ್ಟರಲ್ಲ ಎಂದು ಶೆಡ್ಡಿನವರು ನಕ್ಕಿದ್ದರು. ಉತ್ತರ ಎಂಟನ್ನು ದಾಟಿದರೆ ಸಂಶಯಕ್ಕೆ ಸಾಕಿತ್ತು. ಬಂದದ್ದು ನಲವತ್ತಮೂರೂವರೆ.

ಅಷ್ಟಕ್ಕೇ ಅವಳು ಬಿಡಲಿಲ್ಲ. ಆ ಅರವತ್ತನ್ನೂ ಬುಟ್ಟಿಯಿಂದ ತೆಗೆಸಿ ಹೊರಗಿನವರಿಂದ ಅಳತೆ ಮಾಡಿಸಿದಳು. ನಿಜಕ್ಕೂ ಕೆಟ್ಟಿದ್ದವು ಹತ್ತೊಂಬತ್ತು. ಉಳಿದ ನಲವತ್ತೊಂದು ಕೀಲುಗಳಲ್ಲಿ ಒಂದು ಗೀರೂ ಇರಲಿಲ್ಲ.

ಮರುದಿನ ಮಧ್ಯಾಹ್ನ ಮ್ಯಾನೇಜರನ ಕೋಣೆಯಲ್ಲಿ ವಿಚಾರಣೆ. ಲೆಕ್ಕದಮ್ಮ ಅಂಕಿಗಳನ್ನು ಒಂದೊಂದಾಗಿ ಓದಿದಳು. ಇಂಥದ್ದು ಆಕಸ್ಮಿಕವಾಗಿ ಆಗುವ ಸಾಧ್ಯತೆ ಲಕ್ಷಕ್ಕೆ ಒಂದೂ ಇಲ್ಲ ಎಂದಳು. ಹೇಳುವಾಗ ಒಳಗೊಳಗೇ ಹಿತವಾಯಿತು.

ತಪಾಸಣೆಯ ಹೆಂಗಸು ವಾದಿಸಲಿಲ್ಲ. "ಹೌದು, ಬೇಕಂತಲೇ ಮಾಡಿದ್ದು. ಅವರು ಆ ಪ್ರೆಸ್ಸಿನ ಮುಂದೆ ಕೂರಬಾರದು."

"ಯಾಕೆ?" ಎಂದಳು ಲೆಕ್ಕದಮ್ಮ.

"ಕೂರಬಾರದು, ಅಷ್ಟೇ."

"ಇಷ್ಟು ಹೊಟ್ಟೆಕಿಚ್ಚು ಒಳ್ಳೇದಲ್ಲ," ಎಂದ ಗಂಡ. ಹೆಂಡತಿ ಅವನನ್ನು ನೆಟ್ಟ ನೋಟದಿಂದ ನೋಡಿದಳು.

ವರದಿಯಲ್ಲಿ ಕಾರಣ ಎಂಬ ಕಡೆ ಒಂದು ಖಾಲಿ ಜಾಗವಿತ್ತು. ಲೆಕ್ಕದಮ್ಮ ಅಲ್ಲಿ ‘ವೈಯಕ್ತಿಕ ದ್ವೇಷ’ ಎಂದು ಬರೆದಳು. ಅದನ್ನು ಬರೆಯಲು ಅವಳಿಗೆ ಯಾವ ಪರೀಕ್ಷೆಯೂ ಬೇಕಾಗಲಿಲ್ಲ.

ತಪಾಸಣೆಯವಳ ವಜಾ ಆದೇಶ ಅಚ್ಚಾಗಿ ಬಂತು. ದೂರುದಾರನ ಸಹಿಯೂ ಬೇಕಿತ್ತು. ಮ್ಯಾನೇಜರ್ ಆದೇಶವನ್ನು ಅವನೆದುರು ಇಟ್ಟು, ಪೆನ್ನು ಕೈಗೆ ಕೊಟ್ಟು, ಮೊಹರು ಹುಡುಕಲು ಕಪಾಟಿನತ್ತ ತಿರುಗಿದ. ಹೊರಗೆ ರಣಬಿಸಿಲು, ಕಿಟಕಿಯಿಂದ ಬಿದ್ದ ಬೆಳಕಿಗೆ ಮೇಜಿನ ಮೇಲಿನ ಬಿಳಿ ಹಾಳೆ ಫಳಫಳ ಹೊಳೆಯುತ್ತಿತ್ತು. ಗೆದ್ದವನ ನಗೆಯಿಂದ ಅವನು ಮುಂದಕ್ಕೆ ಬಾಗಿದ. ಪೆನ್ನಿನ ಮೊನೆ ಹಾಳೆಯಿಂದ ನಾಲ್ಕು ಬೆರಳು ಆಚೆ, ಬರಿಯ ಮರದ ಕಡೆಗೆ ಇಳಿಯತೊಡಗಿತು. ಲೆಕ್ಕದಮ್ಮ ಮೊದಲ ಸಲ ಅವನ ಕಣ್ಣುಗಳನ್ನು ನೋಡಿದಳು.

ಮೊನೆ ಮರಕ್ಕೆ ತಾಗುವ ಮುನ್ನ ಹೆಂಡತಿ ಒಂದೇ ಬೆರಳಿನಿಂದ, ಸದ್ದಾಗದಂತೆ, ತನ್ನ ವಜಾ ಆದೇಶವನ್ನು ಅವನ ಪೆನ್ನಿನ ಕೆಳಗೆ ಸರಿಸಿದಳು.