ಕಡಲಹಕ್ಕಿಯ ಹೊಸ ಹಲಗೆ

ದೋಣಿಯ ಮರ ಕೇಳಿದ ಮಾತನ್ನು ಮರೆಯುವುದಿಲ್ಲವಾದ್ದರಿಂದ ‘ಕಡಲಹಕ್ಕಿ’ಯ ಚರಿತ್ರೆಯನ್ನು ಯಾರೂ ಬರೆದಿರಲಿಲ್ಲ, ಕಿವಿಯಿಟ್ಟರೆ ಸಾಕಿತ್ತು. ಪಂದ್ಯಗಳನ್ನು ಗೆದ್ದ ಆ ಹಳೆಯ ಹಾಯಿದೋಣಿಯಲ್ಲಿ ಈಗ ನೌಕಾಪಡೆಯ ಹುಡುಗರು ತರಬೇತಿ ಪಡೆಯುತ್ತಿದ್ದರು. ಹಾಯಿಕಂಬದಿಂದ ತಳದವರೆಗೂ ಗೆಲುವಿನ ಕೇಕೆ ಇತ್ತು. ಚುಕ್ಕಾಣಿಯ ಪಕ್ಕದ ಒಂದೇ ಒಂದು ಹಲಗೆಯಲ್ಲಿ, ತರಬೇತಿಯಲ್ಲಿ ಮುಳುಗಿ ಸತ್ತ ದತ್ತು ಅಳುಕುತ್ತ ಆಡಿದ ಕೊನೆಯ ಮಾತಿತ್ತು: “ಸರ್, ಗಾಳಿ ಜೋರಾಯ್ತು, ತಿರುಗಿಸಿ.”

ಅದನ್ನು ಕೇಳಲು ವರ್ಷವರ್ಷವೂ ಬರುವ ಅವನ ಅಕ್ಕ ಗುಲಾಬಿಗೆ ಇಂದು ಅಲ್ಲಿ ಕಂಬಳಿ ಹೊದಿಸಿದ ಹೊಸ ಹಲಗೆ ಕಂಡಿತು.

“ಹಳೇದೆಲ್ಲಿ?”

“ಹುಳ ಹಿಡಿದಿತ್ತಮ್ಮ, ಸುಟ್ವಿ,” ಎಂದರು ಕ್ಯಾಪ್ಟನ್ ನಾಣಯ್ಯ. ದತ್ತು ಮುಳುಗಿದ ದಿನ ಚುಕ್ಕಾಣಿ ಹಿಡಿದಿದ್ದವರು ಅವರೇ.

“ಹುಳ ಹಿಡ್ದದ್ದು ಹಲಗೆಗಲ್ಲ ಸಾಹೇಬ್ರೆ.”

ಹೊಸ ಹಲಗೆ ಕೇಳುವ ಮೊದಲ ಮಾತು ಕ್ಯಾಪ್ಟನ್ನರದೇ ಆಗಬೇಕು. ಅಲ್ಲಿಯವರೆಗೆ ಬೇರೆ ಮಾತು ತಾಗದಂತೆ ಹೊದಿಸಿದ ಕಂಬಳಿ ತೆಗೆಯುವಂತಿಲ್ಲ ಎಂಬುದು ದೋಣಿಯ ಪದ್ಧತಿ. ಗುಲಾಬಿ ಅದನ್ನು ಕಿತ್ತೆಸೆದು, ಮಂಡಿಯೂರಿ, ಮರಕ್ಕೆ ಬಾಯಿ ತಾಗಿಸಿ ಮೆಲ್ಲಗೆ ಹೇಳಿದಳು.

“ಗಾಳಿ ಜೋರಾಯ್ತು ಅಂತ ನನ್ ತಮ್ಮ ದತ್ತು ಹೇಳ್ದ. ಈ ನಾಣಯ್ಯ ತಿರುಗಿಸ್ಲಿಲ್ಲ.”

“ಏಳೇ! ಆ ಹುಡುಗನ ಮಾತು ಸುಟ್ಟ ಹಾಗೆ ಇದನ್ನೂ ಸುಡ್ತೀನಿ!” ಕ್ಯಾಪ್ಟನ್ ಅರಚಿದರು.

ಮೆಲುಮಾತು ಒಂದು ಹಲಗೆಗಷ್ಟೇ ಇಳಿಯುತ್ತದೆ. ಈ ಅರಚಾಟವನ್ನು ಇಡೀ ದೋಣಿ ಕೇಳಿಸಿಕೊಂಡಿತು.