ಹಿಸುಕಿ ನೋಡುವ ಕೈ

"ಹೀಗೆ ಹಿಸುಕಿ ನೋಡು." ಮುಷ್ಟಿಯಕ್ಕ ವಿಂಗಡಣೆ ಯಂತ್ರದ ಓಡುವ ಪಟ್ಟಿಯ ಮೇಲಿನ ಕಸದಿಂದ ಹೊಳೆಯುವ ಹಾಳೆಯೊಂದನ್ನು ಎತ್ತಿ, ಮುದುಡಿ, ಕೈ ಬಿಚ್ಚಿದಳು. "ಮುದುಡಿದ್ದು ಹಾಗೇ ಉಳಿದ್ರೆ ಬರೀ ಕಾಗದ. ಅರೆದ್ರೆ ಮತ್ತೆ ಕಾಗದವಾಗಿ ಹುಟ್ಟುತ್ತೆ. ತಾನಾಗೇ ಬಿಚ್ಕೊಂಡ್ರೆ ಮೈಗೆ ಪ್ಲಾಸ್ಟಿಕ್ ಅಂಟಿದೆ ಅಂತ. ಎರಡನ್ನೂ ಬೇರೆ ಮಾಡೋಕೆ ಯಾರಪ್ಪನ ಕೈಲೂ ಆಗಲ್ಲ. ಅದು ಮತ್ತೆ ಹುಟ್ಟೋ ಜಾತಿ ಅಲ್ಲ, ಕೆಂಪು ಡಬ್ಬಿಗೆ ಹಾಕು."

ನಿನ್ನೆ ಕೆಲಸಕ್ಕೆ ಸೇರಿದ ಹೊಸಬಳು ತಲೆಯಾಡಿಸಿದಳು. ಮುಷ್ಟಿಯಕ್ಕನದು ಹದಿನಾಲ್ಕು ವರ್ಷ ಕಸ ವಿಂಗಡಿಸಿದ ಕೈ. ಏನು ಕೊಟ್ಟರೂ ಮೊದಲು ಹಿಸುಕುವುದೇ. ಹೆಸರು ಬಂದದ್ದೂ ಹಾಗೆ. ದೋಣಿ ಮಗುಚಿ ಮಗಳು ತೀರಿಕೊಂಡು ಇನ್ನೂ ಹನ್ನೆರಡು ದಿನ, ಆಗಲೇ ಕೆಲಸಕ್ಕೆ ಬಂದುಬಿಟ್ಟಿದ್ದಳು. ಒಂದು ಹನಿ ಕಣ್ಣೀರಿಲ್ಲ, ಕಲ್ಲು ಹೆಂಗಸು ಎಂದು ಆಡಿಕೊಂಡವರೂ ಇದ್ದರು. ಮನೆಯಲ್ಲಿ ಕೂತರೆ ಹುಚ್ಚು ಹಿಡಿಯುತ್ತದೆ ಎಂಬುದನ್ನು ಅವಳು ಯಾರಿಗೂ ಹೇಳಲಿಲ್ಲ.

ಅಷ್ಟರಲ್ಲಿ ಅಳಿಯ ಬಂದ. ಯಂತ್ರದ ಗದ್ದಲದಲ್ಲಿ ಅವನು ಕರೆದದ್ದು ಕೇಳಿಸಲಿಲ್ಲ. ಪಕ್ಕದಿಂದ ಕೈ ಚಾಚಿ ಏನನ್ನೋ ಕೊಟ್ಟ. ಪಟ್ಟಿಯಿಂದ ಕಣ್ಣು ತೆಗೆಯದೆ ಅವಳು ಅದನ್ನು ತೆಗೆದುಕೊಂಡಳು, ಹಿಸುಕಿದಳು.

"ಅಯ್ಯೋ ಅತ್ತೆ! ಅವಳ ಫೋಟೋ!"

ಮುಷ್ಟಿ ಹಾಗೇ ನಿಂತಿತು. "ಇನ್ನೊಂದಿದೆ ತಾನೇ?"

"ಎಲ್ಲಿದೆ? ಫೋಟೋ ಅಂದ್ರೆ ಓಡ್ತಿದ್ಲು. ಇದ್ದ ನಾಲ್ಕಾರು, ಮದುವೇದೂ ಸೇರಿ, ಅವಳ ಫೋನಲ್ಲೇ ಇದ್ವು, ಅದೂ ನೀರುಪಾಲಾಯ್ತು. ಇದೊಂದು ಅವಳ ಹಳೇ ಪುಸ್ತಕದೊಳಗೆ ಸಿಕ್ತು. ನಿಮ್ಮ ಹತ್ರ ಇರ್ಲಿ ಅಂತ ತಂದೆ."

ಹನ್ನೆರಡು ದಿನ ಬಾರದ ಅಳು ಒತ್ತರಿಸಿಕೊಂಡು ಬಂತು. "ಈ ಹಾಳು ಕೈಗೆ ಬೆಂಕಿ ಬೀಳ!" ಎಂದು ಆ ಮುಷ್ಟಿಯನ್ನೇ ಎದೆಗೆ ಗುದ್ದಿಕೊಂಡಳು. ಹೊಸಬಳು ಗುಂಡಿ ಒತ್ತಿ ಪಟ್ಟಿ ನಿಲ್ಲಿಸಿದಳು. ಅಳಿಯ ಅತ್ತೆಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ.

ಕೈಗವಸಿನ ಮೇಲಿದ್ದ ಉಂಡೆ ಮೆಲ್ಲಗೆ ಅಲುಗಿತು. ಮೊದಲು ಒಂದು ಭುಜ, ಆಮೇಲೆ ಜಡೆ, ಕೊನೆಗೆ ನಗು ತಡೆದುಕೊಂಡಿದ್ದ ಮುಖ. ಕೆನ್ನೆಯ ಮೇಲೆ ಒಂದು ಬಿಳಿ ಗೆರೆ ಬಿದ್ದಿತ್ತು.

"ಬಿಚ್ಕೊಳ್ತು ಅಕ್ಕಾ," ಎಂದಳು ಹೊಸಬಳು, ಸಮಾಧಾನ ಮಾಡುವಂತೆ.

ಮುಷ್ಟಿಯಕ್ಕ ಕೈಗವಸು ಕಿತ್ತು, ಬರಿಬೆರಳಿನಿಂದ ಆ ಗೆರೆಯನ್ನು ಸವರಿದಳು.

"ಹೂಂ ಕಣೇ. ಮತ್ತೆ ಹುಟ್ಟೋ ಜಾತಿ ಅಲ್ಲ ಇದು."