ಒಂದೂ ದೋಣಿಯಿಲ್ಲದ ರಾಣಿ

ಮೊಬೈಲ್ ಆಟದ ಕಡಲಿನಲ್ಲಿ ಅವನ ಯುದ್ಧನೌಕೆಗಳು ನನ್ನ ದ್ವೀಪವನ್ನು ಸುತ್ತುವರಿದಿದ್ದವು. ನನ್ನ ಬಳಿ ಒಂದು ದೋಣಿಯೂ ಇರಲಿಲ್ಲ. ಅವನ ಮುಖ ನಾನು ಕಂಡಿಲ್ಲ, ಇಯರ್‌ಫೋನಿನಲ್ಲಿ ಬರುವ ದನಿಯಷ್ಟೇ ಗೊತ್ತು. ಆಟದಲ್ಲಿ ಅವನ ಹೆಸರು ಕಡಲೊಡೆಯ.

"ಶರಣಾಗು ತಂಗಿ. ನಿನ್ನ ಮೂವರು ಗೆಳತಿಯರೂ ನಿನ್ನೆಯೇ ನನ್ನ ಕಡೆ ಬಂದುಬಿಟ್ರು."

"ಬಂದ್ರೆ ಬರಲಿ."

"ಸೋತರೆ ನಿನ್ನ ರಾಜ್ಯವೇ ಅಳಿಸಿಹೋಗುತ್ತೆ. ಎರಡು ವರ್ಷದಿಂದ ಕಟ್ಟಿದ್ದು."

"ಹೋಗಲಿ. ನಿಮ್ಮ ಬಾವುಟ ಮಾತ್ರ ಇಲ್ಲಿ ಹಾರಲ್ಲ."

ಅವನು ನಕ್ಕ. ಶರಣಾದವರನ್ನು ಅವನು ಯಾವತ್ತೂ ಯುದ್ಧಕ್ಕೆ ಕರೆದೊಯ್ಯುತ್ತಿರಲಿಲ್ಲ. ಕರೆದೊಯ್ದರೆ ಗೆದ್ದದ್ದರಲ್ಲಿ ಪಾಲು ಕೊಡಬೇಕಲ್ಲ. ಅವರನ್ನು ತನ್ನ ಬಂದರಿನ ಕಾವಲಿಗೆ ಹಾಕಿ, ತನ್ನವರನ್ನೆಲ್ಲ ಹಡಗು ಹತ್ತಿಸಿಕೊಂಡು ಬರುವುದು ಅವನ ರೂಢಿ.

ಸಂಜೆಯವರೆಗೂ ಗುಂಡು ಸುರಿಸಿದ. ನನ್ನ ಕೋಟೆಯ ಗೋಡೆಗಳು ಒಂದೊಂದಾಗಿ ಉರುಳಿದವು. ಒಂದೇ ಒಂದು ಬುರುಜು ಉಳಿದಿತ್ತು, ಅಷ್ಟರಲ್ಲಿ ಅವನ ಫಿರಂಗಿಗಳು ಸುಮ್ಮನಾದವು.

"ಮದ್ದುಗುಂಡು ಮುಗೀತು. ಬಂದರಿಗೆ ಹೋಗಿ ತುಂಬಿಸ್ಕೊಂಡು ಬರ್ತೀನಿ. ಅಷ್ಟರೊಳಗೆ ಯೋಚನೆ ಮಾಡು."

"ಮಾಡೋ ಯೋಚನೆಯೆಲ್ಲ ಮೊನ್ನೆಯೇ ಮಾಡಿ ಆಗಿದೆ. ನೀವು ಹೋಗಿ ಬನ್ನಿ ಅಣ್ಣಾ."

ಹಡಗುಗಳು ತಿರುಗಿ ಹೊರಟವು. ನಾನು ಬಿದ್ದ ಗೋಡೆಗಳನ್ನು ಮತ್ತೆ ಕಟ್ಟಲು ಶುರುಮಾಡಿದೆ. ಸ್ವಲ್ಪ ಹೊತ್ತಿಗೆ ಇಯರ್‌ಫೋನಿನಲ್ಲಿ ಅವನ ದನಿ ಏರಿತು.

"ಇದೇನಿದು, ನನ್ನ ಬಂದರಿನ ಬಾಗಿಲು ನನಗೇ ತೆಗೀತಿಲ್ಲ?"

"ಕಾವಲಿಗೆ ನೀವು ಬಿಟ್ಟು ಬಂದಿದ್ದು ನನ್ನ ಗೆಳತಿಯರನ್ನಲ್ವಾ ಅಣ್ಣಾ?"